ಅಪ್ಪಚ್ಚಿಯ 'ಯಾರ ಪೈಕಿ' ಪ್ರಯೋಗ

ನಮ್ಮ ಅಪ್ಪಚ್ಚಿಗೆ ತಲೆ ಸರಿ ಇಲ್ಲ ಎಂಬ ವಿಷಯದಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕುಗಳಿಗೆ ಒಮ್ಮತವಿದೆ. ಬೇರೆ ಯಾವುದಕ್ಕೂ ಈ ಮೂರು ತಾಲೂಕು ಹೀಗೆ ಒಂದಾದದ್ದನ್ನು ನಾನಂತೂ ಕಂಡಿಲ್ಲ! ಅಪ್ಪಚ್ಚಿ ಎಂದರೆ ನನ್ನ ಅಪ್ಪನ ತಮ್ಮ. ಸೊಸೈಟಿಯ ಗುಮಾಸ್ತಿಕೆಯನ್ನು ಅವಧಿಗೆ ಮೊದಲೇ ಬಿಟ್ಟು ನಾಟಕ ಮಾಡಲು ಹೊರಟವ. ನಾಟಕವೆಂದರೆ ನೀವು ನಾವು ಕಂಡ ನಾಟಕವಲ್ಲ. ಪರದೆಯಿಲ್ಲ, ಕತೆಯಿಲ್ಲ, ಬಾಯಿಪಾಠದ ಮಾತಿಲ್ಲ. ನೋಡಲು ಬಂದವರೇ ಪಾತ್ರಧಾರಿಗಳು! "ಇದು ಪ್ರಯೋಗ" ಎನ್ನುತ್ತಾನೆ ಅವನು. "ಪಿತ್ತ ನೆತ್ತಿಗೇರಿದ್ದು" ಎನ್ನುತ್ತಾನೆ ನನ್ನ ಅಪ್ಪ.

ಪ್ರಯೋಗದ ಹೆಸರು 'ಯಾರ ಪೈಕಿ'. ನಮ್ಮ ಕಡೆ ಗುರುತಿಲ್ಲದವರು ಮನೆಗೆ ಬಂದರೆ ಬಾಯಾರಿಕೆಗೆ ಕೊಡುವ ಮೊದಲೇ ಕೇಳುವುದು ಇದನ್ನು. ಯಾವ ಊರಾಯಿತು, ಯಾರ ಮನೆ, ಯಾರ ಪೈಕಿ? ಉತ್ತರ ಸಿಕ್ಕಿತೋ, ಅವರನ್ನು ಕೂರಿಸಬೇಕಾದದ್ದು ಒಳಗೋ, ಜಗುಲಿಯಲ್ಲೋ, ಅಂಗಳದಲ್ಲೋ ಎಂಬುದು ತಾನಾಗಿ ತೀರ್ಮಾನವಾಗುತ್ತದೆ. ಜಾತಿ ಕೇಳಿದೆವೆಂಬ ಅಪವಾದವೂ ಬರುವುದಿಲ್ಲ. ಎಷ್ಟು ಸುಸಂಸ್ಕೃತರು ನಾವು!

ಈ ಪ್ರಶ್ನೆಯ ಮೇಲೆ ಅಪ್ಪಚ್ಚಿಗೆ ಸಿಟ್ಟು ಬರಲು ಕಾರಣ ಅವನ ಮಗಳು ಸುಮಾ. ಮಕ್ಕಳಿಲ್ಲದ ಅವನೂ ಚಿಕ್ಕಿಯೂ ಹುಬ್ಬಳ್ಳಿಯ ಅನಾಥಾಶ್ರಮವೊಂದರಿಂದ ತಂದು ಬೆಳೆಸಿದವಳು. ಈಗ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಾಳೆ. ನೆಂಟರು ಬಂದಾಗಲೆಲ್ಲ ಅಪ್ಪ ಅವಳನ್ನು ಪರಿಚಯಿಸುವುದು ಒಂದೇ ರೀತಿ: "ಇದು ತಮ್ಮನ ಮಗಳು. ಅಂದ್ರೆ, ಸಾಕಿದ್ದು." ಸಾಕಿದ್ದು! ನಮ್ಮಲ್ಲಿ ಬೆಕ್ಕಿಗೂ ಅದೇ ಮಾತು. ಇನ್ನು ಮದುವೆಯ ಸುದ್ದಿ ಕೇಳಿ. ಹೆಣ್ಣು ಸಿಗದೆ ಕಾಶಿಯವರೆಗೆ ಹೋಗಿ, ಕನ್ನಡ ಬಾರದ ಹುಡುಗಿಯರನ್ನು ಮನೆ ತುಂಬಿಸಿಕೊಳ್ಳುವವರು ನಾವು. ಅಂಥ ಗಂಡುಗಳ ಅಪ್ಪಂದಿರು ಬಂದು ಸುಮಾ ಕೊಟ್ಟ ಅವಲಕ್ಕಿ ತಿಂದು, ಕೈ ತೊಳೆದು, "ಕೂಸು ಚೊಲೊ ಇದ್ದು. ಹುಟ್ಟಿದ್ದು ಯಾರ ಪೈಕಿ?" ಎಂದು ಕೇಳಿ ಎದ್ದು ಹೋಗಿದ್ದಾರೆ. ಕಾಶಿಯಲ್ಲಿ ಮಾತ್ರ ಇವರು ಯಾರನ್ನೂ ಹಾಗೆ ಕೇಳಿದಂತಿಲ್ಲ.

ಮೊದಲ ಪ್ರಯೋಗ ಶಿರಸಿಯ ಬಸ್ ಸ್ಟ್ಯಾಂಡಿನ ಹೊರಗೆ. ಅಪ್ಪಚ್ಚಿ ಮುಖಕ್ಕೆ ಬಿಳಿ ಬಣ್ಣ ಬಳಿದುಕೊಂಡು ಸ್ಟೂಲಿನ ಮೇಲೆ ಕೂತ. ಕೊರಳಲ್ಲಿ ಫಲಕ: 'ಏನಾದರೂ ಕೇಳಿ. ಯಾರ ಪೈಕಿ ಎಂದು ಮಾತ್ರ ಕೇಳಬೇಡಿ.' ಕೇಳಬೇಡಿ ಎಂದ ಮೇಲೆ ಜನಕ್ಕೆ ಬೇರೆ ಪ್ರಶ್ನೆ ಹೊಳೆಯುವುದಾದರೂ ಹೇಗೆ? "ಮೀನು ತಿಂತ್ರಾ?" ಎಂದ ಒಬ್ಬ. "ಮನೆದೇವ್ರು ಯಾವ್ದು?" ಎಂದ ಇನ್ನೊಬ್ಬ. ಬನವಾಸಿ ಕಡೆಯ ಯಜಮಾನರೊಬ್ಬರು ಬಹಳ ಮರ್ಯಾದೆಯಿಂದ ಬಾಗಿ, "ಬ್ಯಾರೆ ಏನೂ ಬ್ಯಾಡ್ರಿ. ನಮ್ಮನಿಗೆ ಊಟಕ್ಕ ಬಂದ್ರ ನಿಮ್ಮ ಎಲಿ ಎಲ್ಲಿ ಹಾಕ್ಬೇಕು, ಅಷ್ಟು ಹೇಳಿಬಿಡ್ರಿ" ಎಂದರು. ಅಪ್ಪಚ್ಚಿ ಬಣ್ಣ ತೊಳೆದುಕೊಂಡು ಮನೆಗೆ ಬಂದ.

ಸಿದ್ದಾಪುರದ ನಿಲ್ಕುಂದದಲ್ಲಿ ಪ್ರಯೋಗವನ್ನು ತಿರುವಿಹಾಕಿದ. ಈಗ ಜನರೇ ಒಬ್ಬೊಬ್ಬರಾಗಿ ಎದ್ದು ತಾವು ಯಾರೆಂದು ಹೇಳಬೇಕು. ಆದರೆ ಊರು, ಮನೆತನ, ಅಡ್ಡಹೆಸರು, ಉದ್ಯೋಗ, ಹುದ್ದೆ ಯಾವುದೂ ಬಾಯಿಗೆ ಬರಕೂಡದು. ಯಕ್ಷಗಾನದಲ್ಲಿ ರಾಕ್ಷಸ ಕೂಡ ರಂಗಕ್ಕೆ ಬಂದವನೇ ತನ್ನ ಕುಲ ಹೇಳಿಕೊಳ್ಳುತ್ತಾನೆ. ಇವರಿಗೆ ಅದಕ್ಕೂ ಅಪ್ಪಣೆಯಿಲ್ಲ. ಕೊನೆಗೆ ಒಬ್ಬರು ಧೈರ್ಯ ಮಾಡಿ ಎದ್ದು, "ನಂಗೆ ಶುಗರ್ ಇದ್ದು" ಎಂದು ಹೇಳಿ ಕೂತರು. ಪಕ್ಕದವರು ಬಿಡುತ್ತಾರೆಯೇ? "ನಂಗೆ ಬಿಪಿನೂ ಇದ್ದು" ಎಂದರು. ಆಮೇಲೆ ನೋಡಿ, ಸಭೆಗೆ ಕಳೆ ಬಂತು! ಮಂಡಿನೋವಿನಿಂದ ಮೂಲವ್ಯಾಧಿಯವರೆಗೆ ಎಲ್ಲವೂ ಹೊರಬಿತ್ತು. ಪೈಕಿಯೊಂದನ್ನು ತೆಗೆದರೆ ನಮ್ಮಲ್ಲಿ ಉಳಿಯುವುದು ಕಾಯಿಲೆ ಮಾತ್ರ ಎಂದು ನನಗೆ ಅಂದು ಗೊತ್ತಾಯಿತು.

ಕೊನೆಗೆ ಪ್ರಯೋಗ ನಮ್ಮದೇ ಊರಿಗೆ, ವಜ್ರಳ್ಳಿಯ ಶಾಲೆಯ ಅಂಗಳಕ್ಕೆ ಬಂತು. ಅಪ್ಪ ಈ ಹುಚ್ಚಾಟಕ್ಕೆ ಬರುವವನೇ ಅಲ್ಲ. ಆದರೆ ಶಾಲೆಯವರು ಬಂದು ಅಧ್ಯಕ್ಷತೆ ವಹಿಸಬೇಕೆಂದು ಕರೆದರು. ಅಧ್ಯಕ್ಷತೆ ಎಂದರೆ ಅಪ್ಪ ಸ್ಮಶಾನಕ್ಕಾದರೂ ಹೋಗುತ್ತಾನೆ! ಇಸ್ತ್ರಿ ಮಾಡಿದ ಶಾಲು ಹೊದ್ದು ವೇದಿಕೆಯ ನಡುವಿನ ಕುರ್ಚಿಯಲ್ಲಿ ಕೂತ. ಮನೆಯ ಹೆಣ್ಣುಮಕ್ಕಳನ್ನೆಲ್ಲ 'ತಂಗಿ' ಎಂದೇ ಕರೆಯುವ ಅಪ್ಪಚ್ಚಿ ನನ್ನ ಬಳಿ ಬಂದು ಪಿಸುಗುಟ್ಟಿದ. "ತಂಗಿ, ಇವತ್ತು ಸುಮಾನೇ ನಡೆಸಿಕೊಡ್ತು. ಅಣ್ಣ ಇಷ್ಟು ಜನರ ಎದುರಿಗೂ 'ಸಾಕಿದ್ದು' ಹೇಳಿದ್ರೆ, ಆನು ಇನ್ನು ಅವನ ಮನೆ ಹೊಸಿಲು ತುಳಿತ್ನಿಲ್ಲೆ." ಇದು ಪ್ರಯೋಗದ ಮಾತಲ್ಲ ಎಂದು ನನಗೆ ಹೆದರಿಕೆಯಾಯಿತು.

ಸುಮಾ ನಿಯಮ ಹೇಳಿ ಮೈಕು ಹಿಡಿದು ನೇರವಾಗಿ ಅಧ್ಯಕ್ಷರ ಬಳಿಗೇ ಹೋದಳು. "ದೊಡ್ಡಪ್ಪ, ಮೊದ್ಲು ನೀನು."

ಅಪ್ಪ ಎದ್ದು ಕೆಮ್ಮಿದ. "ಆನು, ವಜ್ರಳ್ಳಿ..."

"ಊರು ಬೇಡ ದೊಡ್ಡಪ್ಪ."

"ಮೇಲಿನ್ಮನೆ ಯಜಮಾನ..."

"ಅದೂ ಬೇಡ."

"ಪಂಚಾಯ್ತಿ ಮಾಜಿ..."

"ಅದೂ."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಇಷ್ಟು ವರ್ಷಕ್ಕೆ ಒಮ್ಮೆ ಸಿಕ್ಕಿಬಿದ್ದನಲ್ಲ ಎಂದು ನನ್ನ ಹೊಟ್ಟೆ ತಣ್ಣಗಾಯಿತು. ಅಪ್ಪನ ಶಾಲು ಹೆಗಲಿನಿಂದ ಜಾರಿತ್ತು. ಅಷ್ಟು ಬಡವಾಗಿ ಅವನನ್ನು ನಾನೆಂದೂ ನೋಡಿರಲಿಲ್ಲ. ಅವನು ಜನರನ್ನು ನೋಡಿದ, ಅಪ್ಪಚ್ಚಿಯನ್ನು ನೋಡಿದ, ಆಮೇಲೆ ಎದುರಿಗೆ ನಿಂತಿದ್ದ ಸುಮಾಳನ್ನು.

"ಆನು ಈ ಕೂಸಿನ ದೊಡ್ಡಪ್ಪ" ಎಂದ.

ಅದರ ಬೆನ್ನಿಗೇ ಆ ಇನ್ನೊಂದು ಶಬ್ದ ಬರುತ್ತದೆಂದು ನಾನೂ ಅಪ್ಪಚ್ಚಿಯೂ ಕಾದೆವು. ಬರಲಿಲ್ಲ. ಅಪ್ಪ ಅಷ್ಟೇ ಹೇಳಿ ಕೂತುಬಿಟ್ಟ.

ಸಂಬಂಧ ಹೇಳಿಕೊಳ್ಳುವುದೂ ಒಂದು ಪೈಕಿಯೇ ತಾನೆ? ನಿಯಮ ಮುರಿದಂತೆಯೇ. ಆದರೆ ಸುಮಾ ಈ ಸಲ 'ಬೇಡ' ಎನ್ನಲಿಲ್ಲ. ಮೈಕು ಹಿಡಿದ ಕೈಯಲ್ಲೇ ಕಣ್ಣು ಒರೆಸಿಕೊಂಡಳು. ಆ ಗರಗರ ಸದ್ದು ಶಾಲೆಯ ಅಂಗಳಕ್ಕೆಲ್ಲ ಕೇಳಿಸಿತು. ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತೇ ಎಂದು ಅಪ್ಪನ ಮೇಲೆ ನನಗೆ ಈಗಲೂ ಸಿಟ್ಟಿದೆ. ಆದರೂ ಆ ಹೊತ್ತಿಗೆ ಎದ್ದು ಹೋಗಿ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ನನಗಿಂತ ಮೊದಲು ಅಪ್ಪಚ್ಚಿ ವೇದಿಕೆ ಹತ್ತಿದ್ದ. ಅಣ್ಣನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು, ಮುಖ ಮುಚ್ಚಿಕೊಂಡು ಅಳುತ್ತಿದ್ದ.