ಪಾಪುವಿಗೆ ಎಷ್ಟು ತಿಂಗಳು?

ನಮ್ಮ ಸೋದರತ್ತೆಗೆ ಕ್ಯಾಲೆಂಡರ್ ನೋಡಲು ಬರುವುದಿಲ್ಲವೆಂದು ಯಾರಾದರೂ ಹೇಳಿದರೆ ನಂಬಬೇಡಿ. ಚೆನ್ನಾಗಿಯೇ ನೋಡುತ್ತಾರೆ, ಒಪ್ಪುವುದಿಲ್ಲ ಅಷ್ಟೇ! ನನ್ನ ಮಗಳು ಏಳನೇ ತಿಂಗಳಿಗೇ ಹುಟ್ಟಿದಾಗ, ಬಾಣಂತನಕ್ಕೆಂದು ಸೊರಬದಿಂದ ಶಿಕಾರಿಪುರದ ನಮ್ಮ ಮನೆಗೆ ಬಂದವರು ಮೊದಲ ದಿನವೇ ತೀರ್ಪು ಕೊಟ್ಟರು: "ಇದಿನ್ನೂ ಹುಟ್ಟಿಲ್ಲ ಕಣೇ. ಸುಮ್ನೆ ನೋಡ್ಕೊಂಡು ಹೋಗಕ್ಕೆ ಬಂದದೆ."

ಯಾವ ವಯಸ್ಸಿನ ಮಗುವಿಗೆ ದಿನಕ್ಕೆ ಯಾವ ವಿಟಮಿನ್ ಎಷ್ಟು ಬೇಕೆಂಬ ಚಾರ್ಟನ್ನು ಡಾಕ್ಟರು ಕೊಟ್ಟಿದ್ದರು. ಫ್ರಿಜ್ಜಿಗೆ ಅಂಟಿಸಿದೆ. ಅತ್ತೆ ಕನ್ನಡಕ ಏರಿಸಿದರು.

"ಪಾಪ, ಡಾಕ್ಟ್ರಿಗೆ ಪುರುಸೊತ್ತಿಲ್ಲ, ಬರೀ ಮೊದಲ ಅಕ್ಷರ ಬರ್ದಿದಾರೆ. ಎ ಅಂದ್ರೆ ಎಳೇ ನುಗ್ಗೆಸೊಪ್ಪು, ಬಿ ಅಂದ್ರೆ ಬಿಳೀ ಹಾಲು, ಸಿ ಅಂದ್ರೆ ಸೀತಾಫಲ. ಎಲ್ಲಾ ನೀನೇ ತಿನ್ಬೇಕು."

"ಡಿ?"

"ದಿನಾ ಬಿಸ್ಲು!"

ಡಕಾರಕ್ಕೂ ದಕಾರಕ್ಕೂ ಇರುವ ವ್ಯತ್ಯಾಸ ತಿಳಿಸುವ ಧೈರ್ಯ ಯಾರಿಗಿದೆ?

ನಿಜವಾದ ಜಗಳ ವಯಸ್ಸಿನ ಸಾಲಿನದು. "ಆರು ತುಂಬಿತು, ಇನ್ನು ಕೆಳಗಿನ ಸಾಲು" ಎಂದು ನಾನು ಸಂಭ್ರಮಿಸಿದರೆ ಅಡುಗೆಮನೆಯಿಂದ "ನಾಲ್ಕು!" ಎಂಬ ಕೂಗು. ಒಂಬತ್ತಕ್ಕೆ ಅಂಗನವಾಡಿಯಲ್ಲಿ ನರ್ಸಮ್ಮ ವಿಟಮಿನ್ ಎ ಸಿರಪ್ ಹಾಕಲು ಬಂದರು.

"ಏಳು ತಿಂಗಳ ಕೂಸಿಗೆ ಒಂಬತ್ತು ತಿಂಗಳ ಡೋಸಾ?"

"ಇದಕ್ಕೆ ಹುಟ್ಟಿದ ತಾರೀಕೇ ಲೆಕ್ಕ ರೀ, ಅಮ್ಮಾ."

"ನಿಮ್ಮ ಕಾರ್ಡಿಗೆ ಹುಟ್ಟಿದ ತಾರೀಕು. ನಮ್ಮನೇಲಿ ಹುಟ್ಟಬೇಕಾಗಿದ್ದ ತಾರೀಕು!"

ಅಲ್ಲಿದ್ದ ತಾಯಂದಿರೆಲ್ಲ ನಕ್ಕರು. ನಾನು ನಾಚಿಕೆಯಿಂದ ನೆಲ ನೋಡಿದೆ. ಕೊನೆಗೆ ಅತ್ತೆಯೇ ಪಾಪುವಿನ ಬಾಯಿ ತೆರೆಸಿ, "ಎರಡು ತಿಂಗಳು ಮೊದ್ಲೇ ಸಿಕ್ತು ಅಂದ್ಕೋ ಪುಟ್ಟಾ" ಎಂದರು.

ಮೊದಲ ಹುಟ್ಟುಹಬ್ಬ ಬಂತು. ಪಕ್ಕದ ಮನೆಯ ಒಂದು ವರ್ಷದ ಮಗು ಮನೆತುಂಬ ಓಡಾಡುತ್ತಿತ್ತು. ನನ್ನದು ಕೂತಲ್ಲೇ ಕೂತಿತ್ತು. "ವರ್ಷ ಆತು, ಇನ್ನೂ ನಿಲ್ಲಲ್ಲೇನ್ರೀ?" ಎಂದರು ಯಾರೋ. ನಾನು ಅಡುಗೆಮನೆಗೆ ಓಡಿ ಚಾರ್ಟಿನ ಮುಂದೆ ನಿಂತೆ. ಯಾವ ವಿಟಮಿನ್ ತಪ್ಪಿಸಿದೆ? ಬಸುರಿಯಾಗಿದ್ದಾಗ ಏನು ತಿನ್ನದೇ ಬಿಟ್ಟೆ? ಅಕ್ಷರಗಳೆಲ್ಲ ಮಂಜಾದವು.

ಅತ್ತೆ ಪಾಪುವನ್ನು ಸೊಂಟಕ್ಕೇರಿಸಿಕೊಂಡು ಬಂದರು.

"ಹತ್ತೇ ತಿಂಗಳು ಕಣೇ. ಡಾಕ್ಟ್ರನ್ನೂ ಕೇಳ್ದೆ. ಬೇಗ ಹುಟ್ಟಿದ ಕೂಸು ನಿಲ್ಲಕ್ಕೆ, ನಡಿಯಕ್ಕೆ ನನ್ನ ಲೆಕ್ಕಾನೇ ಸರಿಯಂತೆ."

"ಬೇಗ ಹುಟ್ಟಿದ್ದೇ ನನ್ನಿಂದ ಅತ್ತೆ. ಎರಡು ತಿಂಗಳು ಹೊಟ್ಟೇಲಿ ಇಟ್ಕೊಳ್ಳಕ್ಕೆ ಆಗ್ಲಿಲ್ಲ ನಂಗೆ."

ಅವರು ಮಗಳನ್ನು ನನ್ನ ತೋಳಿಗೆ ಕೊಟ್ಟು, ಸೆರಗಿನಿಂದ ನನ್ನ ಮುಖ ಒರೆಸಿದರು.

"ನೀನೇನು ಅವಳನ್ನ ಹೊರಗೆ ಕಳಿಸ್ಲಿಲ್ಲ ಮಾರಾಯ್ತಿ. ಅವಳಿಗೇ ನಿನ್ನ ನೋಡೋ ಅವಸರ."