ಚೌಡಿ ತಿರುವಿನಲ್ಲಿ ಜಾರಿದ ಕ್ಲಚ್ಚು

ಸಿರ್ಸಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನನಗೆ, ಯುದ್ಧಕಾಲದ ಹಳೆಯ ಮೋಟಾರ್‌ಸೈಕಲ್ಲಿಗೆ ಕ್ಲಚ್ ಪ್ಲೇಟು ಆರಿಸುವುದು ದೊಡ್ಡ ವಿದ್ಯೆ ಎನಿಸಲಿಲ್ಲ. ಏರು ಬಂದರೆ ಇಂಜಿನ್ ಅರಚುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಪ್ಲೇಟು ಸವೆದಿದೆ, ಅಷ್ಟೇ!

ಅಂಗಡಿಯ ಸಾಹೇಬರು ಎರಡು ಬಗೆ ತೋರಿಸಿದರು. "ಈ ಕಾರ್ಕಿನ ಪ್ಲೇಟು ಎಣ್ಣೆಯೊಳಗೆ ಕೆಲ್ಸ ಮಾಡೂದು. ಇದು ಒಣಾ ಕ್ಲಚ್ಚಿಂದು. ನಿಮ್ಮ ಗಾಡೀದು ಯಾವ್ದು ನೋಡೂಕೆ ಹಳೇ ಪ್ಲೇಟು ತಂದೀರಾ ಮಾಸ್ತರ್ರೆ?"

"ಅಗತ್ಯವಿಲ್ಲ. ಎಣ್ಣೆ ಸೋಕಿದ್ದೆಲ್ಲ ಜಾರುತ್ತದೆ!" ಎಂದು ಒಣ ಪ್ಲೇಟನ್ನೇ ಆರಿಸಿದೆ. ಮನೆಗೆ ತಂದು ನಾನೇ ಕೂಡಿಸಿ, ಕ್ಲಚ್ಚಿನ ಪೆಟ್ಟಿಗೆಗೆ ಮೊದಲಿದ್ದಷ್ಟೇ ಎಣ್ಣೆಯನ್ನು ಶ್ರದ್ಧೆಯಿಂದ ತುಂಬಿಸಿದೆ!

ಮರುವಾರ ಹೆಗ್ಗರಣೆಯಲ್ಲಿ ನಾದಿನಿಯ ಮದುವೆ. ಅವಳ ಕರಿಮಣಿ ನನ್ನ ಹೆಂಡತಿ ಸಾವಿತ್ರಿಯ ಚೀಲದಲ್ಲಿತ್ತು. ಬೆಳಿಗ್ಗೆ ಹೊರಟೆವು. ಕಾಡಿನ ಏರಿನಲ್ಲಿ, ದಾರಿ ಕಾಯುವ ದೇವತೆ ಚೌಡಿಯ ಕಲ್ಲಿರುವ ತಿರುವಿಗೆ ಬರುವಾಗ ದಟ್ಟ ಮಂಜು. ಇಂಜಿನ್ ಕಿರುಚಿತು. ಗಾಡಿ ನಿಂತಿತು.

"ಹಿಂದಿಂದ ಯಾರೋ ಹಿಡ್ಕಂಡಂಗೆ ಆಗ್ತದೆ," ಎಂದಳು ಸಾವಿತ್ರಿ.

"ಮೂಢನಂಬಿಕೆ!" ಎಂದೆ. ತಿರುಗಿ ನೋಡುವ ಧೈರ್ಯ ಮಾತ್ರ ಆಗಲಿಲ್ಲ.

ಇಂಜಿನ್ ಆರಿಸಿದೆ. ಒಂದು ಹಕ್ಕಿಯ ಸದ್ದೂ ಇಲ್ಲ. ಚೌಡಿಯ ಕಲ್ಲಿನ ಮೇಲೆ ಆಗತಾನೇ ಇಟ್ಟಂಥ ಕೆಂಪು ಹೂವು. ಸುತ್ತಲಿನ ಒದ್ದೆ ಮಣ್ಣಿನಲ್ಲಿ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಯಾರೋ ಕುತ್ತಿಗೆಗೆ ಉಸಿರು ಬಿಟ್ಟಂತಾಯಿತು.

ಮೂರು ಸಲ ಹೊರಡಲು ನೋಡಿದೆ. ಮೂರು ಸಲವೂ ಹಿಂದಿನಿಂದ ಅದೇ ಹಿಡಿತ!

"ಅಪ್ಪ ಹೇಳಿದ್ದ, ಇಲ್ಲಿ ಕಾಯಿ ಒಡೀದೆ ದಾಟೂಕಾಗೂದಿಲ್ಲ ಅಂತ. ಮುಹೂರ್ತ ಮೀರ್ತದೆ!" ಸಾವಿತ್ರಿಯ ಕಣ್ಣಲ್ಲಿ ನೀರು.

ಅರ್ಧ ಗಂಟೆ ವಿಜ್ಞಾನವನ್ನು ಎತ್ತಿಹಿಡಿದೆ. ಆಮೇಲೆ ಮದುವೆಗೆಂದು ಒಯ್ಯುತ್ತಿದ್ದ ಕಾಯಿಯನ್ನು ಎತ್ತಿ ಒಡೆದೆ. "ತಾಯೀ, ಶಾಲೇಲಿ ಹೇಳೂದೆಲ್ಲ ಹೊಟ್ಟೆಪಾಡಿಗೆ!"

ಗಾಡಿ ಸಲೀಸಾಗಿ ಹೊರಟಿತು!

ಕರಿಮಣಿ ಹೊತ್ತಿಗೆ ಸರಿಯಾಗಿ ಮುಟ್ಟಿತು. ಊಟವಾದ ಮೇಲೆ ಲಾರಿ ಓಡಿಸುವ ನೆಂಟರೊಬ್ಬರು ಕ್ಲಚ್ಚು ಬಿಚ್ಚಿ ನಕ್ಕರು. "ಒಣಾ ಪ್ಲೇಟು ಎಣ್ಣೇಲಿ ಅದ್ದಿದ್ದು ಯಾರು? ಕಾದಾಗ ಜಾರ್ತದೆ. ಅರ್ಧ ತಾಸು ನಿಂತ್ರೆ ತಣ್ದು ಹಿಡೀತದೆ."

ಹೂವಿನ ವಿಷಯ ಅವರನ್ನು ಕೇಳಲಿಲ್ಲ. ಉತ್ತರ ಬೇಕಿರಲಿಲ್ಲ.

ಅಷ್ಟರಲ್ಲಿ, ಸಾವಿತ್ರಿಯಿಂದ ಎಲ್ಲ ಕೇಳಿ ತಿಳಿದಿದ್ದ ಮಾವನವರು ಚಪ್ಪರದ ನಡುವೆ ಎದ್ದು ನಿಂತು ಸಾರಿದರು: "ನಮ್ಮ ಅಳಿಯ ವಿಜ್ಞಾನದ ಮಾಸ್ತರು. ಅವರೇ ಕಾಯಿ ಒಡೆದ್ರು! ಇನ್ನೆಂತಾ ಸಾಕ್ಷಿ ಬೇಕು?"

ಅಂದಿನಿಂದ ಆ ತಿರುವಿನಲ್ಲಿ ಸೈಕಲ್ಲಿನವರೂ ಇಳಿದು ಕಾಯಿ ಒಡೆಯುತ್ತಾರೆ. ನಾಡಿನಲ್ಲಿ ವಿಜ್ಞಾನ ಹರಡಲು ನಾನು ಸಲ್ಲಿಸಿದ ಸೇವೆ ಇದೊಂದೇ!