ಕೊನೆಯ ಕಂತಿನ ಕೊನೆಯ ಮಾತು

ಆ ಶನಿವಾರ ಬೆಳಿಗ್ಗೆ ಕಾಪುವಿನಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿದ ಧೈರ್ಯದಲ್ಲಿ ಭವ್ಯಶ್ರೀ ಡೈರಿ ತೆಗೆದು ಒಂದೇ ಒಂದು ಸಾಲು ಬರೆದಳು: ‘ನಾನು ಅಮೃತಹಸ್ತದ ಒಂದು ಕಂತನ್ನೂ ನೋಡಿಲ್ಲ.’ ಬರೆದ ಮೇಲೆ, ಪಕ್ಕದಲ್ಲಿ ಕುಳಿತ ಮೀನಿನ ಬುಟ್ಟಿಯ ಹೆಂಗಸು ಓದಿಬಿಟ್ಟಳೋ ಏನೋ ಎಂದು ಗಾಬರಿಯಾಗಿ ಡೈರಿ ಮುಚ್ಚಿದಳು. ಆ ಹೆಂಗಸು ಬಾಯಿ ತೆರೆದು ನಿದ್ದೆ ಹೋಗಿದ್ದಳು.

ಬೇರೆಯವರಿಗೆ ಇದೊಂದು ಚಿಂತೆಯೇ ಅಲ್ಲ. ಆದರೆ ಬನ್ನಂಜೆಯ ಡಾಕ್ಟರ್ ಲಿಯೋನೆಲ್ ಅವರ ನರ್ಸಿಂಗ್ ಹೋಮಿನ ಕೌಂಟರಿನಲ್ಲಿ ಎಂಟು ತಿಂಗಳಿಂದ ಕುಳಿತಿರುವ ಭವ್ಯಶ್ರೀಗೆ ಇದಕ್ಕಿಂತ ದೊಡ್ಡ ಗುಟ್ಟು ಇರಲಿಲ್ಲ. ‘ಅಮೃತಹಸ್ತ’ ಟಿವಿಯಲ್ಲಿ ಬರುತ್ತಿದ್ದ ಕಾಲದಲ್ಲಿ ಬಜಗೋಳಿಯ ಅವಳ ಮನೆಯ ಹಂಚಿನ ಮೇಲಿದ್ದದ್ದು ಒಂದು ಆಂಟೆನಾ. ಅದು ವಾರ್ತೆ ಮತ್ತು ಕೃಷಿ ಕಾರ್ಯಕ್ರಮದಾಚೆಗೆ ಏನನ್ನೂ ಹಿಡಿಯುತ್ತಿರಲಿಲ್ಲ. ಕಾರ್ಕಳದಲ್ಲಿ ಬಿ.ಎ. ಮುಗಿಸಿ, ಕಾಪುವಿನ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನವೇ ಹೆಡ್ ನರ್ಸ್ ಕಾನ್ಸೆಪ್ಟಾ ಸಿಸ್ಟರ್ ಕೇಳಿದ್ದರು: “ನೀನು ಅಮೃತಹಸ್ತ ನೋಡ್ತಿದ್ದಿ ಅಲ್ವಾ?” ಇಲ್ಲ ಎನ್ನಲು ಬಾಯಿ ತೆರೆಯಬೇಕು. ಹೌದು ಎನ್ನಲು ತಲೆ ಅಲ್ಲಾಡಿಸಿದರೆ ಸಾಕು. ಭವ್ಯಶ್ರೀ ತಲೆ ಅಲ್ಲಾಡಿಸಿದ್ದಳು.

ಅಲ್ಲಿಂದ ಆ ಸುಳ್ಳು ತಾನಾಗಿಯೇ ಬೆಳೆಯಿತು. ಅವಳು ಮಾತಾಡುತ್ತಿರಲಿಲ್ಲವಾದ್ದರಿಂದ ಬಹಳ ತಿಳಿದವಳೆಂದು ಎಲ್ಲರೂ ನಂಬಿದರು. ಬೇರೆಯವರು ಹೇಳಿದ್ದನ್ನೆಲ್ಲ ಅವಳು ಡೈರಿಯಲ್ಲಿ ಬರೆದುಕೊಳ್ಳುತ್ತಿದ್ದಳು. ಕೇಳಿದಾಗ, ಸಿಸ್ಟರ್ ಹೇಳಿದ್ದನ್ನು ಮೆಡಿಕಲ್ ಶಾಪಿನ ಜಿತೇಶನಿಗೂ, ಜಿತೇಶ ಹೇಳಿದ್ದನ್ನು ಸಿಸ್ಟರಿಗೂ ಮೆಲ್ಲಗೆ ಹೇಳುತ್ತಿದ್ದಳು. ಆರು ತಿಂಗಳಲ್ಲಿ ಅವಳ ಮಾತೇ ಕೊನೆ ಎಂಬಂತಾಯಿತು. ಹುಟ್ಟಿದಂದಿನಿಂದ ಯಾರೂ ಅವಳ ಅಭಿಪ್ರಾಯ ಕೇಳಿರಲಿಲ್ಲ. ಈ ಸುಖ ಬಿಟ್ಟುಕೊಡಲು ಅವಳಿಗೆ ಮನಸ್ಸಾಗಲಿಲ್ಲ.

ಚರ್ಚೆಯೋ, ದಿನಾ ಇರುತ್ತಿತ್ತು. ಹಳೆಯ ‘ಅಮೃತಹಸ್ತ’ದ ಡಾಕ್ಟರ್ ಶ್ರೀವತ್ಸರು ಕನ್ನಡಕಕ್ಕೆ ದಾರ ಕಟ್ಟಿಕೊಂಡು ಸ್ಕೂಟರಿನಲ್ಲಿ ರೋಗಿಗಳ ಮನೆಗೇ ಹೋಗುತ್ತಿದ್ದವರು. ಅದು ಮುಗಿದು ಮೂರು ವರ್ಷವಾದ ಮೇಲೆ, ಅದೇ ಆಸ್ಪತ್ರೆಯಲ್ಲಿ ಅವರ ಶಿಷ್ಯರ ಕತೆಯೆಂದು ‘ಹೊಸ ಅಮೃತಹಸ್ತ’ ಶುರುವಾಗಿತ್ತು. ಇದರ ಡಾಕ್ಟರ್ ಆರ್ಯನಿಗೆ ಬೈಕು, ಕಪ್ಪು ಕನ್ನಡಕ, ವಾರ್ಡಿಗೊಬ್ಬಳು ಪ್ರೇಯಸಿ. ಮಧ್ಯಾಹ್ನ ಎರಡಕ್ಕೆ ಇದರ ಮರುಪ್ರಸಾರ. ಆ ಹೊತ್ತಿಗೆ ನರ್ಸಿಂಗ್ ಹೋಮಿನ ಟಿವಿ ಇರುವ ಹಾಲಿನಲ್ಲಿ ರೋಗಿಗಳಿಗೆ ಕುರ್ಚಿ ಸಿಗುತ್ತಿರಲಿಲ್ಲ.

“ಶ್ರೀವತ್ಸರು ರೋಗಿಯ ಕೈ ಹಿಡಿದರೆ ಜ್ವರ ಇಳೀತಿತ್ತು,” ಎನ್ನುವರು ಸಿಸ್ಟರ್. “ಇವ ಹಿಡಿಯುವುದು ನರ್ಸಿನ ಕೈ. ನೋಡಿ ನಮಗೆ ಜ್ವರ ಬರ್ತದೆ.”

“ನಿಮ್ಮ ಶ್ರೀವತ್ಸರು ಒಂದು ಅಪೆಂಡಿಕ್ಸಿಗೆ ಮೂರು ವಾರ ತೆಗೊಂಡ್ರು ಸಿಸ್ಟರ್,” ಎನ್ನುವನು ಜಿತೇಶ್. “ಹೊಟ್ಟೆ ಕೊಯ್ದಿಟ್ಟು ಸಾಬೂನಿನ ಜಾಹೀರಾತಿಗೆ ಹೋದವರು ವಾಪಸ್ ಬಂದದ್ದು ಮುಂದಿನ ಶುಕ್ರವಾರ. ನಮ್ಮ ಆರ್ಯ ಒಂದೇ ಕಂತಿನಲ್ಲಿ ಹೃದಯ ಬದಲಿಸ್ತಾನೆ.”

“ಬದಲಿಸದೆ ಎಂತ ಮಾಡ್ತಾನೆ, ಅವನದ್ದೇ ವಾರಕ್ಕೊಮ್ಮೆ ಬದಲಾಗ್ತದಲ್ಲ.”

ಇಬ್ಬರ ನಡುವೆ ಅಭಿಮಾನಿ ಬಳಗದ ಅಧ್ಯಕ್ಷ ಉಮಾನಾಥರು ಕೂರುತ್ತಿದ್ದರು. ಅವರು ಬ್ಯಾಂಕ್ ಮ್ಯಾನೇಜರಾಗಿ ನಿವೃತ್ತರಾದವರು. ಮನೆಯ ಟಿವಿಯ ರಿಮೋಟು ಹೆಂಡತಿಯ ಕೈಯಲ್ಲಿದ್ದುದರಿಂದ ತಮ್ಮ ಬಿ.ಪಿ. ದಿನಾ ಮಧ್ಯಾಹ್ನ ಎರಡಕ್ಕೇ ಏರುವಂತೆ ವ್ಯವಸ್ಥೆ ಮಾಡಿಕೊಂಡಿದ್ದರು.

ಭವ್ಯಶ್ರೀ ಇನ್ನೊಂದು ಸುಳ್ಳನ್ನೂ ದಿನಾ ಹೇಳುತ್ತಿದ್ದಳು. ಡಾಕ್ಟರು ಇಲ್ಲ ಎಂಬ ಮಾತು ಕೌಂಟರಿನಲ್ಲಿ ಬರಬಾರದೆಂದು ಡಾಕ್ಟರ್ ಲಿಯೋನೆಲ್ ಅವರೇ ಕಲಿಸಿಕೊಟ್ಟಿದ್ದರು. ಅವರು ಎಲ್ಲಿಗೇ ಹೋಗಿರಲಿ, ಕೌಂಟರಿನ ಕೆಳಗಿನ ಸ್ವಿಚ್ಚು ಒತ್ತಬೇಕು. ಆಪರೇಷನ್ ಥಿಯೇಟರಿನ ಬಾಗಿಲ ಮೇಲೆ ಕೆಂಪು ಬಲ್ಬು ಹತ್ತುತ್ತದೆ. “ಡಾಕ್ಟರು ಥಿಯೇಟರಿನಲ್ಲಿ ಇದ್ದಾರೆ, ಈಗ ಬರ್ತಾರೆ,” ಎಂದರೆ ಮುಗಿಯಿತು. ಬಲ್ಬು ನೋಡಿದ ರೋಗಿ ಎದ್ದು ಬೇರೆ ಕಡೆ ಹೋಗುವುದಿಲ್ಲ. ಈ ಸುಳ್ಳನ್ನು ಅವಳು ಡೈರಿಯಲ್ಲಿ ಬರೆದಿರಲಿಲ್ಲ. ಇದಕ್ಕೆ ಸಂಬಳ ಸಿಗುತ್ತಿತ್ತು.

ಆ ಶನಿವಾರ ಒಂಬತ್ತು ಗಂಟೆಗೆ ಡಾಕ್ಟರು ಹೊಸ ಸೂಟು ಹಾಕಿಕೊಂಡು ಕಾರು ಹತ್ತಿದರು. ಭವ್ಯಶ್ರೀ ಬಲ್ಬು ಹಾಕಿದಳು. ಒಂಬತ್ತೂಕಾಲಿಗೆ ಯಂಕಪ್ಪನನ್ನು ತಂದರು.

ಯಂಕಪ್ಪ ಕೊಪ್ಪಳದ ಕಡೆಯವನು. ಮಣಿಪಾಲದಲ್ಲಿ ಕಟ್ಟುತ್ತಿದ್ದ ಕಟ್ಟಡದ ಸಾರುವೆಯಿಂದ ಬಿದ್ದಿದ್ದ. ಅಲ್ಲಿಯೇ ದೊಡ್ಡಾಸ್ಪತ್ರೆಗೆ ಒಯ್ದರೆ ಪೊಲೀಸ್ ಕೇಸಾದೀತೆಂದು ಮೇಸ್ತ್ರಿ ಇಲ್ಲಿಗೆ ತಂದು ಇಳಿಸಿ, ಈಗ ಬಂದೆ ಎಂದು ಹೋದವನು ಹೋಗಿಯೇ ಬಿಟ್ಟಿದ್ದ. ಸಿಸ್ಟರ್ ಅವನನ್ನು ಒಳಗೆ ಮಲಗಿಸಿ ಡ್ರಿಪ್ ಹಾಕಿದರು. ಹೆಂಡತಿ ಹನುಮವ್ವ ಕೌಂಟರಿನ ಮುಂದೆ ಬಂದು ನಿಂತಳು. ಸೀರೆಯ ಮೇಲೆ ಇನ್ನೂ ಸಿಮೆಂಟಿನ ಧೂಳು.

“ಡಾಕ್ಟ್ರು ಎಷ್ಟೊತ್ತಿಗಿ ನೋಡ್ತಾರ್ರೀ ಅಕ್ಕಾರ? ಹೊಟ್ಟಿ ನೋಯ್ತೈತಿ ಅಂತಾನ್ರೀ.”

“ಥಿಯೇಟರಿನಲ್ಲಿ ಇದ್ದಾರೆ. ಈಗ ಬರ್ತಾರೆ,” ಎಂದಳು ಭವ್ಯಶ್ರೀ. ಹನುಮವ್ವ ಕೆಂಪು ಬಲ್ಬಿಗೆ ಕೈಮುಗಿದು ನೆಲದ ಮೇಲೆ ಕುಳಿತಳು.

ಹತ್ತು ಗಂಟೆಗೆ ಉಮಾನಾಥರು, ಎಂದೂ ಇಲ್ಲದ ಹೊತ್ತಿನಲ್ಲಿ, ಮಟ್ಟುಗುಳ್ಳ ಬದನೆಯ ಚೀಲ ಹಿಡಿದುಕೊಂಡು ಬಂದರು. ಮುಖ ಒಳಗಿನ ಗುಳ್ಳದಷ್ಟೇ ನುಣ್ಣಗೆ ಹೊಳೆಯುತ್ತಿತ್ತು.

“ಭವ್ಯಶ್ರೀಯವರೇ, ಇವತ್ತು ಮಣಿಪಾಲದಲ್ಲಿ ಹೊಸ ಅಮೃತಹಸ್ತದ ಇನ್ನೂರನೇ ಕಂತಿನ ಸಮಾರಂಭ ಉಂಟು. ಆರ್ಯನ ಪಾತ್ರ ಮಾಡುವವನೇ ಬರ್ತಾನೆ. ಬೆಳಿಗ್ಗೆ ಮೆರವಣಿಗೆ, ಊಟ, ಮತ್ತೆ ಸಭೆ. ಸಭೆಯನ್ನು ಊರಿನ ಕೇಬಲ್ಲಿನಲ್ಲಿ ನೇರ ತೋರಿಸ್ತಾರೆ. ನಾಲ್ಕು ಗಂಟೆಗೆ ಅಭಿಮಾನಿಗಳಿಗೆ ಫೋನು ಮಾಡಿ ಹಳೆಯ ಧಾರಾವಾಹಿಯ ಬಗ್ಗೆ ಪ್ರಶ್ನೆ ಕೇಳ್ಲಿಕ್ಕುಂಟು. ಬನ್ನಂಜೆಯಿಂದ ನಿಮ್ಮ ಹೆಸರು ಕೊಟ್ಟಿದ್ದೇನೆ.”

ಭವ್ಯಶ್ರೀಯ ಕೈಯಿಂದ ಟೋಕನ್ನಿನ ಪುಸ್ತಕ ಬಿತ್ತು.

“ನನ್ನ ಗಂಟಲು ಸರಿ ಇಲ್ಲ ಸರ್,” ಎಂದಳು ಮೆಲ್ಲಗೆ.

ನರ್ಸಿಂಗ್ ಹೋಮಿನಲ್ಲಿ ಹೇಳಬಾರದ ನೆಪ ಅದು. ಸಿಸ್ಟರ್ ಬಿಸಿ ಉಪ್ಪುನೀರು ತಂದರು. ಜಿತೇಶ್ ಮೂರು ಬಗೆಯ ಮಾತ್ರೆ ತಂದು, ಮೂರನ್ನೂ ಚೀಪಿಸಿದ. ಉಮಾನಾಥರು ತಮ್ಮ ಮಫ್ಲರು ಬಿಚ್ಚಿ ಅವಳ ಕೊರಳಿಗೆ ಸುತ್ತಿಸಿದರು. ಬೆವರಿಳಿಯುವ ಏಪ್ರಿಲ್ ತಿಂಗಳು. ಬಂದ ರೋಗಿಗಳೆಲ್ಲ ಮೊದಲು ಅವಳಿಗೇ ಎಂತಾಯಿತೆಂದು ಕೇಳತೊಡಗಿದರು.

“ಪ್ರಶ್ನೆ ಕೊನೆಯ ಕಂತಿನದ್ದೇ ಅಂತೆ. ನಿಮಗೆ ಅದು ಬಾಯಿಪಾಠ ಅಲ್ವಾ,” ಎಂದು ಉಮಾನಾಥರು ಭರವಸೆ ಕೊಟ್ಟರು.

ಭವ್ಯಶ್ರೀ ಡೈರಿ ತಿರುವಿದಳು. ನೂರ ಹನ್ನೆರಡನೇ ಕಂತಿನಲ್ಲಿ ಶ್ರೀವತ್ಸರ ಹೆಂಡತಿ ತೀರಿಕೊಂಡದ್ದಿತ್ತು, ಸ್ಕೂಟರ್ ಕಳವಾದದ್ದಿತ್ತು. ಕೊನೆಯ ಕಂತಿನ ಬಗ್ಗೆ ಮಾತ್ರ ಒಂದಕ್ಷರವಿಲ್ಲ. ಎಂಟು ತಿಂಗಳಲ್ಲಿ ಯಾರೂ ಅದರ ಸುದ್ದಿ ಎತ್ತಿರಲಿಲ್ಲ. ಒಬ್ಬೊಬ್ಬರನ್ನೇ ಉಪಾಯವಾಗಿ ಕೇಳುವುದೆಂದು ನಿರ್ಧರಿಸಿದಳು.

“ಕೊನೆಯದ್ದಾ?” ಸಿಸ್ಟರ್ ಥರ್ಮಾಮೀಟರು ಝಾಡಿಸುತ್ತ ಗೋಡೆ ನೋಡಿದರು. “ಆ ದಿನ ಕೇಬಲ್ಲಿನವರ ಜಗಳವಾಗಿ ಉಡುಪಿಗೆ ಉಡುಪಿಯೇ ಕೇಬಲ್ ಇರ್ಲಿಲ್ಲ. ನಾನು ಮಾತ್ರ ಬೊಂಬಾಯಿಯಲ್ಲಿ ತಂಗಿಯ ಮನೆಯಲ್ಲಿ ನೋಡಿದೆ. ರೋಗಿಯ ಕೈ ಹಿಡಿದುಕೊಂಡೇ ಸಾಯ್ತಾರೆ, ಪಾಪ.”

“ಆ ದಿನ ಊರಲ್ಲಿ ಯಾರೂ ನೋಡ್ಲಿಲ್ಲ,” ಎಂದ ಜಿತೇಶ್. “ನಾನು ಮಾತ್ರ ಶಿರಸಿಯಲ್ಲಿ ಭಾವನ ಮನೆಯಲ್ಲಿದ್ದೆ. ಎಲ್ಲ ಬಿಟ್ಟು ಹಿಮಾಲಯಕ್ಕೆ ಹೋಗ್ತಾರೆ.”

ಉಮಾನಾಥರು ಆ ದಿನ ತಾವು ಮಾತ್ರ ಬ್ಯಾಂಕಿನ ಮೀಟಿಂಗಿಗೆ ಮೈಸೂರಿಗೆ ಹೋಗಿದ್ದಾಗಿಯೂ, ಶ್ರೀವತ್ಸರಿಗೆ ಕೊನೆಯಲ್ಲಿ ವರ್ಗವಾಯಿತೆಂದೂ ಹೇಳಿದರು.

ಮೂರನ್ನೂ ಬರೆದು ಭವ್ಯಶ್ರೀ ದಿಟ್ಟಿಸಿ ನೋಡಿದಳು. ಸತ್ತವರು ಹಿಮಾಲಯಕ್ಕೆ ಹೋಗಿ ಅಲ್ಲಿಂದ ವರ್ಗವಾಗುವುದು ಸಾಧ್ಯವಿರಲಿಲ್ಲ. ಆ ಕಂತನ್ನು ಇಲ್ಲಿ ಯಾರೂ ನೋಡಿಲ್ಲ. ಎಂಟು ತಿಂಗಳಿಂದ ತಾನೊಬ್ಬಳೇ ಕಳ್ಳಿ ಎಂದುಕೊಂಡಿದ್ದವಳಿಗೆ ಅರೆಕ್ಷಣ ಸಮಾಧಾನವಾಯಿತು. ಆಮೇಲೆ ಡೈರಿ ಮುಚ್ಚಿಟ್ಟಳು. ಎಲ್ಲರೂ ಹೀಗೆಯೇ ಎಂದು ತಿಳಿಯುವುದು ಅಂಥ ಸಂತೋಷದ ವಿಷಯವಾಗಿರಲಿಲ್ಲ.

ಹನ್ನೆರಡೂವರೆಗೆ ಹನುಮವ್ವ ಎದ್ದು ಬಂದಳು. “ಅಕ್ಕಾರ, ಹೊಟ್ಟಿ ಕಲ್ಲಿನಂಗ ಬಿರುಸಾಗೇತ್ರೀ. ನೀರು ನೀರು ಅಂತಾನ.”

ಭವ್ಯಶ್ರೀ ಒಳಗೆ ಹೋಗಿ ಸಿಸ್ಟರನ್ನು ಕೇಳಿದಳು. ಸಿಸ್ಟರ್ ಈಗಷ್ಟೇ ಯಂಕಪ್ಪನ ಬಿ.ಪಿ. ನೋಡಿ ಬಂದಿದ್ದರು. ದನಿ ತಗ್ಗಿತ್ತು. “ನನಗೆ ಕಣ್ಣಿಲ್ವಾ ಮಗಾ? ಒಳಗೆ ರಕ್ತ ಹೋಗ್ತಾ ಉಂಟು ಅಂತ ಕಾಣ್ತದೆ. ಡಾಕ್ಟರಿಗೆ ನಾಲ್ಕು ಸಲ ಫೋನು ಮಾಡಿದೆ, ಮೊಬೈಲು ಬಂದ್ ಆಗಿದೆ. ಅವರು ನೋಡದೆ ರೋಗಿಯನ್ನು ಬೇರೆ ಕಡೆ ಕಳಿಸಿದ್ದಕ್ಕೆ ಹೋದ ವರ್ಷ ರೊಸಾರಿಯೊನನ್ನು ಮನೆಗೆ ಕಳಿಸಿದ್ರು, ಗೊತ್ತುಂಟಲ್ಲ.” ರೊಸಾರಿಯೊ ಹಿಂದಿನ ಕಾಂಪೌಂಡರ್. ಅವನು ಈಗ ಮಲ್ಪೆಯಲ್ಲಿ ಐಸ್ ಒಡೆಯುತ್ತಿದ್ದ.

ಭವ್ಯಶ್ರೀ ಹೊರಗೆ ಬಂದಳು. “ಈಗ ಬರ್ತಾರೆ,” ಎಂದಳು. ಹನುಮವ್ವ ಬಲ್ಬು ನೋಡಿದಳು. “ಪಾಪ, ಒಳಗ ಯಾರಿಗೇನಾಗೇತೋ. ಇಷ್ಟೊತ್ತು ಕುಯ್ಯಾಕತ್ಯಾರ,” ಎಂದು ಹೋಗಿ ಕುಳಿತಳು.

ಎರಡಕ್ಕೆ ಮರುಪ್ರಸಾರವಾಯಿತು. ಟಿವಿಯಲ್ಲಿ ಆರ್ಯ ಬೈಕಿನಲ್ಲಿ ಆಸ್ಪತ್ರೆಯ ಮೆಟ್ಟಿಲು ಹತ್ತಿಸಿ ಒಬ್ಬ ಮಂತ್ರಿಯ ಜೀವ ಉಳಿಸಿದ. ಶ್ರೀವತ್ಸರಾಗಿದ್ದರೆ ಮೆಟ್ಟಿಲಲ್ಲಿ ಸ್ಕೂಟರ್ ಬಂದ್ ಆಗುತ್ತಿತ್ತೆಂದು ಜಿತೇಶನೂ, ಅವರು ಮಂತ್ರಿಯನ್ನು ಸರದಿಯಲ್ಲಿ ನಿಲ್ಲಿಸುತ್ತಿದ್ದರೆಂದು ಸಿಸ್ಟರೂ ವಾದಿಸಿದರು. ಆದರೆ ಸಿಸ್ಟರ್ ಇವತ್ತು ವಾದದ ನಡುವೆ ಎರಡು ಸಲ ಒಳಗೆ ಹೋಗಿ ಬಂದರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಊರಿನ ಕೇಬಲ್ ಚಾನೆಲ್ ಹಾಕಿದರು. ಹಾಲಿನ ತುಂಬ ಜನ. ಬಾಗಿಲಲ್ಲಿ ಆಟೋದವರೂ ನಿಂತಿದ್ದರು. ಸಭೆಯ ವೇದಿಕೆ ಕಾಣಿಸಿತು. ಮಧ್ಯದಲ್ಲಿ ಕಪ್ಪು ಕನ್ನಡಕದ ಆರ್ಯ. ಅವನ ಬಲಕ್ಕೆ, ಮೈಸೂರು ಪೇಟ, ಜರಿಶಾಲು, ಮಡಿಲಲ್ಲಿ ಹಣ್ಣಿನ ಬುಟ್ಟಿಯೊಂದಿಗೆ ಡಾಕ್ಟರ್ ಲಿಯೋನೆಲ್.

“ನಮ್ಮ ನಡುವಿನ ನಿಜವಾದ ಶ್ರೀವತ್ಸರು,” ಎಂದ ನಿರೂಪಕ. “ಒಂದು ದಿನದ ಕೆಲಸ ಬದಿಗಿಟ್ಟು ನಮಗಾಗಿ ಬಂದಿದ್ದಾರೆ. ಇಂದಿನ ಸ್ಪರ್ಧೆಯ ತೀರ್ಪುಗಾರರೂ ಅವರೇ.”

ಭವ್ಯಶ್ರೀಗೆ ಹಾಲಿನಲ್ಲಿ ಒಂದು ಗದ್ದಲವಾಗುತ್ತದೆ ಎನಿಸಿತು. ಗದ್ದಲವೇನೋ ಆಯಿತು.

“ನಮ್ಮ ಡಾಕ್ಟರು ಟಿವಿಯಲ್ಲಿ,” ಎಂದರು ಉಮಾನಾಥರು, ಕಣ್ಣು ಒದ್ದೆ ಮಾಡಿಕೊಂಡು. ಬೆಳಿಗ್ಗೆಯಿಂದ ಟೋಕನ್ ಹಿಡಿದು ಕುಳಿತಿದ್ದವರು ಚಪ್ಪಾಳೆ ತಟ್ಟಿದರು. ಬಲ್ಬು ಉರಿಯುತ್ತಲೇ ಇತ್ತು. ಒಬ್ಬರೂ ಅತ್ತ ತಿರುಗಲಿಲ್ಲ.

ಫೋನು ಹೊಡೆದುಕೊಂಡಿತು. ಜಿತೇಶ್ ರಿಸೀವರು ಎತ್ತಿ ಅವಳ ಕಿವಿಗೆ ಒತ್ತಿ ಹಿಡಿದ. ಅದೇ ಹೊತ್ತಿಗೆ ಹನುಮವ್ವ ಒಳಗಿನಿಂದ ಬಂದು ಕೌಂಟರು ಹಿಡಿದುಕೊಂಡಳು. “ಯವ್ವಾ, ಮಾತು ನಿಂತೈತಿ. ಕರದ್ರ ಓ ಅನವಲ್ಲ.”

“ಬನ್ನಂಜೆಯಿಂದ ಭವ್ಯಶ್ರೀಯವರೇ,” ಎಂದಿತು ಫೋನು. ಅದೇ ಮಾತು ಟಿವಿಯಿಂದಲೂ ಕೇಳಿಸಿತು. “ಹಳೆಯ ಅಮೃತಹಸ್ತದ ಕೊನೆಯ ಕಂತಿನ ಕೊನೆಯ ಮಾತು ಯಾವುದು?”

ಭವ್ಯಶ್ರೀ ಹನುಮವ್ವನ ಮುಖ ನೋಡಿದಳು. ಟಿವಿಯಲ್ಲಿ ಶಾಲು ಸರಿಪಡಿಸಿಕೊಳ್ಳುತ್ತಿದ್ದ ಡಾಕ್ಟರನ್ನು ನೋಡಿದಳು. ಅವರ ಮೊಬೈಲು ಬಂದ್ ಆಗಿತ್ತು, ಕಿವಿ ಮಾತ್ರ ಈಗ ತೆರೆದಿತ್ತು.

“ಡಾಕ್ಟ್ರೇ,” ಎಂದಳು. ಅವಳ ದನಿ ವೇದಿಕೆಯ ಸ್ಪೀಕರಿನಲ್ಲಿ ಸುತ್ತಿ ಮತ್ತೆ ಅವಳಿಗೇ ಬಂದು ತಾಗಿತು. “ಇಲ್ಲಿ ಒಬ್ಬರು ಬೆಳಿಗ್ಗೆಯಿಂದ ಕಾಯ್ತಾ ಇದ್ದಾರೆ. ಹೊಟ್ಟೆ ಗಟ್ಟಿಯಾಗಿದೆ, ಮಾತು ನಿಂತಿದೆ. ಬೇಗ ಬನ್ನಿ.”

ಕ್ಯಾಮರಾ ಡಾಕ್ಟರ್ ಲಿಯೋನೆಲ್ ಅವರ ಮುಖದ ಮೇಲೆ ನಿಂತಿತು. ತಮ್ಮ ಕೌಂಟರಿನ ದನಿ ಅವರಿಗೆ ಗುರುತಾಗಿದೆಯೆಂಬುದು, ಪೇಟದ ಕೆಳಗೆ ಒಂದು ಬೆವರಿನ ಹನಿ ಇಳಿದದ್ದರಲ್ಲಿ ಭವ್ಯಶ್ರೀಗೆ ತಿಳಿಯಿತು. ಅವರು ನಿಧಾನವಾಗಿ ಮೈಕು ತೆಗೆದುಕೊಂಡರು.

“ಸರಿಯಾದ ಉತ್ತರ,” ಎಂದರು. “ಅಕ್ಷರಕ್ಕೆ ಅಕ್ಷರ ಅದೇ ಮಾತು. ಆ ಕಂತು ನೋಡಿ ನಾನು ಅತ್ತಿದ್ದೆ. ವೈದ್ಯನಾದವನು ಅಂಥ ಕರೆಗೆ ಎಲ್ಲಿದ್ದರೂ ಓಡಿ ಬರಬೇಕು.”

ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಡಾಕ್ಟರು ಕುಳಿತು, ಮುಂದಿದ್ದ ತಟ್ಟೆಯಿಂದ ಒಂದು ಗೋಡಂಬಿ ಬಾಯಿಗೆ ಹಾಕಿಕೊಂಡರು.

“ಅದೇ ಅದೇ,” ಎಂದ ಜಿತೇಶ್. “ನನಗೆ ಸರಿಯಾಗಿ ನೆನಪುಂಟು. ಹಿಮಾಲಯಕ್ಕೆ ಹೋದವರನ್ನು ಹಾಗೆ ಹೇಳಿಯೇ ಕರೆಯುವುದು.”

“ನಾನು ಬೊಂಬಾಯಿಯಲ್ಲಿ ಕೇಳಿದ್ದೇ ಹಾಗೆ,” ಎಂದು ಉಮಾನಾಥರು ಭಾವುಕರಾಗಿ, ತಾವು ಆ ದಿನ ಮೈಸೂರಿನಲ್ಲಿದ್ದುದನ್ನು ಮರೆತರು. ಗುಳ್ಳದ ಚೀಲವನ್ನು ಭವ್ಯಶ್ರೀಯ ಕೈಗೆ ಕೊಟ್ಟುಬಿಟ್ಟರು. ಸಿಸ್ಟರ್ ಒಬ್ಬರು ಮಾತ್ರ ಟಿವಿಗೆ ಬೆನ್ನು ಹಾಕಿ ಯಂಕಪ್ಪನ ಬಳಿಗೆ ಒಳಗೆ ಹೋದರು.

ಐದು ನಿಮಿಷದಲ್ಲಿ ಫೋನು ಮತ್ತೆ ಹೊಡೆದುಕೊಂಡಿತು. ಈ ಸಲ ಜಿತೇಶನೇ ಮಾತಾಡಿ ಇಟ್ಟ. “ನಮ್ಮ ಡಾಕ್ಟರು. ಸೋಮವಾರದಿಂದ ನೀನು ಕೌಂಟರಿಗೆ ಬರುವುದು ಬೇಡವಂತೆ.”

“ಪ್ರಮೋಷನ್,” ಎಂದರು ಉಮಾನಾಥರು. “ನಾನು ಮೂವತ್ತೈದು ವರ್ಷ ನೋಡಿದ್ದೇನೆ, ಹೀಗೆಯೇ ಆಗುವುದು.”

ಹನುಮವ್ವ ಇನ್ನೂ ಕೌಂಟರು ಹಿಡಿದುಕೊಂಡೇ ಇದ್ದಳು. ಟಿವಿಯನ್ನು ನೋಡುತ್ತಿದ್ದವಳು ಇತ್ತ ತಿರುಗಿದಳು.

“ಯವ್ವಾ, ಆ ಶಾಲು ಹೊದ್ದಾಂವ ಯಾರು? ಎಲ್ಲಾರೂ ನಮ್ಮ ಡಾಕ್ಟ್ರು ನಮ್ಮ ಡಾಕ್ಟ್ರು ಅನ್ನಾಕತ್ಯಾರ.”

ಭವ್ಯಶ್ರೀ ಕೊರಳಿನ ಮಫ್ಲರು ಬಿಚ್ಚಿಟ್ಟಳು. ಕೈ ಕೌಂಟರಿನ ಕೆಳಗೆ ಹೋಗಿ ಸ್ವಿಚ್ಚು ಆರಿಸಿತು. ಥಿಯೇಟರಿನ ಮೇಲಿನ ಕೆಂಪು ಬಲ್ಬು ನಂದಿತು. ಆಗ ಮಾತ್ರ ಹಾಲಿನಲ್ಲಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು.

“ಅವರೇ ಇಲ್ಲಿಯ ಡಾಕ್ಟರು,” ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. “ಬೆಳಿಗ್ಗೆಯಿಂದ ಅಲ್ಲಿಯೇ ಇದ್ದಾರೆ. ಒಳಗೆ ಯಾರೂ ಇಲ್ಲಮ್ಮ. ನಾನು ನಿಮಗೆ ಸುಳ್ಳು ಹೇಳಿದೆ. ಬಾಗಿಲಲ್ಲಿ ಆಟೋ ಉಂಟು, ನಿಮ್ಮವರನ್ನು ಈಗಲೇ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗುವ, ನಾನೂ ಬರ್ತೇನೆ.”